ಒಮ್ಮೆ ಉಳಿಸಿದ ಮೀನನ್ನು ಮತ್ತೆ ಉಳಿಸಬೇಕಾಗಿ ಬಂದದ್ದು ಯಾಕೆ? ಸ್ಟ್ರೈಪ್ಡ್ ಬಾಸ್ ಮೀನಿನ ಏಳುಬೀಳಿನ ಲೆಕ್ಕ

ಕರಾವಳಿಯ ಮೀನು ಸಂಪತ್ತನ್ನು ಉಳಿಸುವ ಮಾತು ಬಂದಾಗೆಲ್ಲ ಅಮೆರಿಕದ ಪೂರ್ವ ಕರಾವಳಿಯ ಸ್ಟ್ರೈಪ್ಡ್ ಬಾಸ್ ಮೀನಿನ ಉದಾಹರಣೆ ಕೇಳಿಬರುತ್ತೆ. 1980ರ ದಶಕದ ಆರಂಭದಲ್ಲಿ ಈ ಮೀನು ಇನ್ನೇನು ಮುಗಿದೇ ಹೋಯ್ತು ಅನ್ನುವ ಸ್ಥಿತಿ ಇತ್ತು. ಸರ್ಕಾರಗಳು ಗಟ್ಟಿ ಮನಸ್ಸು ಮಾಡಿ ಹಿಡಿಯುವುದನ್ನೇ ನಿಲ್ಲಿಸಿದವು. ಮೀನು ವಾಪಸ್ ಬಂತು. 1995ರಲ್ಲಿ ಅದು ಪೂರ್ತಿ ಚೇತರಿಸಿಕೊಂಡಿದೆ ಅಂತ ಅಧಿಕೃತವಾಗಿ ಘೋಷಣೆಯೂ ಆಯ್ತು. ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡ್ತಾರೆ.

ಆದ್ರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2019ರಲ್ಲಿ ಬಂದ ವೈಜ್ಞಾನಿಕ ಮೌಲ್ಯಮಾಪನ ಇದೇ ಮೀನಿನ ಸಂಖ್ಯೆ ಮತ್ತೆ ಅಪಾಯದ ಗೆರೆಗಿಂತ ಕೆಳಗೆ ಹೋಗಿದೆ ಎಂದಿತು. ಹಾಗಾದ್ರೆ ಮೊದಲ ಸಲ ಗೆದ್ದದ್ದು ಹೇಗೆ? ಎರಡನೇ ಸಲ ಜಾರಿದ್ದು ಎಲ್ಲಿ? ಬೇಟೆಗಾರ ಮೀನುಗಳನ್ನು ಉಳಿಸಬೇಕು ಅನ್ನುವ ಯಾವುದೇ ಕರಾವಳಿ ಈ ಎರಡೂ ಪ್ರಶ್ನೆಗಳನ್ನು ಒಟ್ಟಿಗೇ ಕೇಳಿಕೊಳ್ಳಬೇಕು.

ಬೇಟೆಗಾರ ಮೀನು ಬೇಗ ಖಾಲಿಯಾಗೋದು ಯಾಕೆ?

ಕಡಲಿನಲ್ಲಿ ಸಣ್ಣ ಮೀನನ್ನು ತಿಂದು ಬದುಕುವ ದೊಡ್ಡ ಮೀನುಗಳೇ ಬೇಟೆಗಾರ ಮೀನುಗಳು. ನಮ್ಮ ಕಡಲಿನ ಅಂಜಲ್, ಕೇದರ (ಟ್ಯೂನಾ), ಶಾರ್ಕ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇವು ಗಾತ್ರದಲ್ಲಿ ದೊಡ್ಡವು, ಹಾಗಾಗಿ ಬೆಲೆಯೂ ಹೆಚ್ಚು. ಬೆಲೆ ಹೆಚ್ಚಿದ್ದರಿಂದ ಇವುಗಳ ಬೆನ್ನು ಹತ್ತುವವರೂ ಹೆಚ್ಚು. ಹಿಡಿಯುವ ಒತ್ತಡ ಇವುಗಳ ಮೇಲೆ ಬೇಗ ಬೀಳುತ್ತೆ.

ಇನ್ನೊಂದು ಕಾರಣ ಇವುಗಳ ಬೆಳವಣಿಗೆ. ಬೂತಾಯಿಯಂಥ ಸಣ್ಣ ಮೀನು ಹುಟ್ಟಿದ ಒಂದು ವರ್ಷದೊಳಗೇ ಮೊಟ್ಟೆ ಇಡುವ ಹಂತಕ್ಕೆ ಬರುತ್ತೆ. ಬೇಟೆಗಾರ ಮೀನುಗಳಲ್ಲಿ ಹಲವಕ್ಕೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಸ್ಟ್ರೈಪ್ಡ್ ಬಾಸ್ ಮೀನಿನ ಹೆಣ್ಣು ಮೊದಲ ಸಲ ಮೊಟ್ಟೆ ಇಡೋದಕ್ಕೆ 4ರಿಂದ 8 ವರ್ಷ ತಗೊಳ್ಳುತ್ತೆ. ಅದಕ್ಕೂ ಮೊದಲೇ ಹಿಡಿದರೆ ಆ ಮೀನಿನ ಸಂತತಿ ಅಲ್ಲಿಗೇ ಮುಗೀತು.

1998ರಲ್ಲಿ ಡೇನಿಯಲ್ ಪೌಲಿ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜಗತ್ತಿನ ಮೀನುಗಾರಿಕೆ ಮೇಲಿನ ದೊಡ್ಡ ಬೇಟೆಗಾರ ಮೀನುಗಳಿಂದ ಶುರುವಾಗಿ, ಅವು ಕಮ್ಮಿಯಾಗ್ತಿದ್ದಂತೆ ಆಹಾರ ಸರಪಳಿಯ ಕೆಳಗಿನ ಮೆಟ್ಟಿಲಿನ ಸಣ್ಣ ಮೀನುಗಳತ್ತ ಇಳಿಯುತ್ತಾ ಹೋಗಿದೆ ಅನ್ನೋದು ಅದರ ಸಾರ. ಹೀಗಾದಾಗ ಒಟ್ಟು ಇಳುವರಿಯ ಟನ್ ಲೆಕ್ಕ ಕೆಲವು ಕಾಲ ಚೆನ್ನಾಗಿಯೇ ಕಾಣಬಹುದು. ಬುಟ್ಟಿಯಲ್ಲಿರೋದು ಯಾವ ಮೀನು ಅಂತ ನೋಡಿದಾಗಲೇ ನಷ್ಟ ಗೊತ್ತಾಗೋದು.

ಚೆಸಪೀಕ್ ಕೊಲ್ಲಿಯ ಮೀನು

ಸ್ಟ್ರೈಪ್ಡ್ ಬಾಸ್ ಅಂದ್ರೆ ಬೆಳ್ಳಿ ಮೈಮೇಲೆ ಉದ್ದಕ್ಕೆ ಏಳೆಂಟು ಕಪ್ಪು ಗೆರೆಗಳಿರುವ ಮೀನು. ಚೆಸಪೀಕ್ ಕಡೆಯವರು ಇದನ್ನ ರಾಕ್‌ಫಿಶ್ ಅಂತಾರೆ, ಉತ್ತರದ ನ್ಯೂ ಇಂಗ್ಲೆಂಡ್ ಕಡೆ ಸ್ಟ್ರೈಪರ್ ಅಂತಾರೆ. 30 ವರ್ಷದವರೆಗೆ ಬದುಕಬಲ್ಲದು. 1891ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ 125 ಪೌಂಡ್, ಅಂದ್ರೆ ಸುಮಾರು 57 ಕೆಜಿ ತೂಕದ ಮೀನು ಸಿಕ್ಕ ದಾಖಲೆ ಇದೆ.

ಇದು ಕಡಲಿನಲ್ಲಿ ಬೆಳೆದು, ಮೊಟ್ಟೆ ಇಡೋದಕ್ಕೆ ನದಿಗೆ ಬರುವ ಮೀನು. ವಸಂತಕಾಲದಲ್ಲಿ ಸಿಹಿನೀರಿಗೆ ಏರಿ ಮೊಟ್ಟೆ ಇಡುತ್ತೆ. ಮರಿಗಳು ಅಳಿವೆ ಪ್ರದೇಶದಲ್ಲಿ ಬೆಳೆದು, ಕೆಲವು ವರ್ಷದ ನಂತರ ಕಡಲಿಗೆ ಹೋಗ್ತವೆ. ದೊಡ್ಡ ಮೀನುಗಳು ಬೇಸಿಗೆಯಲ್ಲಿ ನ್ಯೂ ಇಂಗ್ಲೆಂಡ್‌ವರೆಗೂ ಹೋಗಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಮರಳುತ್ತವೆ. ಹಡ್ಸನ್, ಡೆಲವೇರ್ ನದಿಗಳಲ್ಲೂ ಇವು ಮೊಟ್ಟೆ ಇಡುತ್ತವೆ. ಆದ್ರೆ ಇಡೀ ಕರಾವಳಿಯ ಸಂತತಿಯ ಬಹುಪಾಲು ಹುಟ್ಟೋದು ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ. ಈ ಕೊಲ್ಲಿ ಅಮೆರಿಕದ ಅತಿ ದೊಡ್ಡ ಅಳಿವೆ. ಉದ್ದ ಸುಮಾರು 320 ಕಿ.ಮೀ., ಹೆಚ್ಚುಕಮ್ಮಿ ಕರ್ನಾಟಕದ ಇಡೀ ಕರಾವಳಿಯಷ್ಟು.

ಈ ಮೀನಿಗೆ ಅಲ್ಲಿನವರ ಬದುಕಿನಲ್ಲಿ ಹಳೇ ಜಾಗ ಇದೆ. 1639ರಲ್ಲೇ ಮ್ಯಾಸಚೂಸೆಟ್ಸ್ ವಸಾಹತು, ಹೊಲಕ್ಕೆ ಗೊಬ್ಬರವಾಗಿ ಈ ಮೀನನ್ನೂ ಕಾಡ್ ಮೀನನ್ನೂ ಹಾಕಬಾರದು ಅಂತ ಕಾನೂನು ಮಾಡಿತ್ತು. ಅಂದ್ರೆ ಈ ಮೀನು ಮುಗಿಯಬಹುದು ಅನ್ನುವ ಆತಂಕಕ್ಕೆ ಹತ್ತಿರ ಹತ್ತಿರ 400 ವರ್ಷದ ಇತಿಹಾಸ ಇದೆ.

ಹತ್ತು ವರ್ಷದಲ್ಲಿ ಕುಸಿತ

1970ರಲ್ಲಿ ಚೆಸಪೀಕ್‌ನಲ್ಲಿ ಮರಿಗಳ ದೊಡ್ಡ ತಲೆಮಾರೊಂದು ಹುಟ್ಟಿತ್ತು. ಅದು ಬೆಳೆದು ಬಲೆಗೆ ಬಿದ್ದಾಗ ಇಳುವರಿ ಏರಿತು. 1973ರಲ್ಲಿ ವಾಣಿಜ್ಯ ಮೀನುಗಾರಿಕೆ ಹಿಡಿದದ್ದು ಸುಮಾರು 1.5 ಕೋಟಿ ಪೌಂಡ್, ಅಂದ್ರೆ 6,700 ಟನ್ ಆಸುಪಾಸು. ಎಲ್ಲರೂ ಖುಷಿಯಾಗಿದ್ದರು. ಆದ್ರೆ ಆ ತಲೆಮಾರಿನ ಹಿಂದೆ ಅಂಥ ಇನ್ನೊಂದು ತಲೆಮಾರು ಬರ್ತಿರಲಿಲ್ಲ. 1983ರ ಹೊತ್ತಿಗೆ ಇಳುವರಿ 35 ಲಕ್ಷ ಪೌಂಡಿಗೆ ಇಳಿಯಿತು. ಹತ್ತು ವರ್ಷದಲ್ಲಿ ನಾಲ್ಕರಲ್ಲಿ ಮೂರು ಪಾಲು ಹೋಗಿತ್ತು.

ಕಾರಣ ಏನು ಅನ್ನುವ ಬಗ್ಗೆ ಜಗಳವೂ ಆಯ್ತು. ಆಮ್ಲ ಮಳೆ ಅಂದರು, ಕಾರ್ಖಾನೆ ವಿಷ ಅಂದರು, ಕೃಷಿ ರಾಸಾಯನಿಕ ಅಂದರು. ಬಲೆಯವರು ಗಾಳದವರನ್ನು ದೂರಿದರು, ಗಾಳದವರು ಬಲೆಯವರನ್ನು ದೂರಿದರು. 1979ರಲ್ಲಿ ಅಮೆರಿಕದ ಸಂಸತ್ತು ಈ ಮೀನಿಗಾಗಿಯೇ ತುರ್ತು ಅಧ್ಯಯನಕ್ಕೆ ಹಣ ಕೊಟ್ಟಿತು. ನೀರಿನ ಗುಣಮಟ್ಟದ ಸಮಸ್ಯೆ ನಿಜ, ಆದ್ರೆ ವಿಪರೀತ ಹಿಡಿದದ್ದರಿಂದಲೇ ಈ ಸಂತತಿ ಅಂಥ ಹೊಡೆತ ತಾಳದಷ್ಟು ದುರ್ಬಲವಾಗಿದೆ ಅನ್ನುವುದು ಅಧ್ಯಯನದ ತಿರುಳು. ನದಿಯನ್ನು ಸ್ವಚ್ಛ ಮಾಡೋದಕ್ಕೆ ದಶಕಗಳು ಬೇಕು. ಹಿಡಿಯೋದನ್ನ ಕಮ್ಮಿ ಮಾಡೋದು ಮಾತ್ರ ತಕ್ಷಣ ಕೈಯಲ್ಲಿದ್ದ ಉಪಾಯ.

1984ರ ಕಾನೂನಿಗೆ ಹಲ್ಲು ಇತ್ತು

ಇಲ್ಲೊಂದು ಆಡಳಿತದ ಸಮಸ್ಯೆ ಇತ್ತು. ಮೀನು ಹತ್ತಾರು ರಾಜ್ಯಗಳ ನೀರಿನಲ್ಲಿ ಓಡಾಡುತ್ತೆ. ಒಂದು ರಾಜ್ಯ ಬಿಟ್ಟ ಮೀನನ್ನು ಪಕ್ಕದ ರಾಜ್ಯ ಹಿಡಿಯುತ್ತೆ. ಹಾಗಾದಾಗ ಮೊದಲು ಬಿಡುವವನೇ ಮೂರ್ಖನಾಗ್ತಾನೆ. ಪೂರ್ವ ಕರಾವಳಿಯ 15 ರಾಜ್ಯಗಳು ಸೇರಿ ಕೂತು ಮಾತಾಡುವ ಮೀನುಗಾರಿಕೆ ಆಯೋಗವೊಂದು 1942ರಿಂದಲೇ ಇತ್ತು. 1981ರಲ್ಲಿ ಅದು ಸ್ಟ್ರೈಪ್ಡ್ ಬಾಸ್‌ಗೆ ಒಂದು ಯೋಜನೆಯನ್ನೂ ರೂಪಿಸಿತು. ಆದ್ರೆ ಪಾಲಿಸದಿದ್ದರೆ ಕೇಳುವವರು ಯಾರೂ ಇರಲಿಲ್ಲ.

1984ರ ಅಕ್ಟೋಬರ್‌ನಲ್ಲಿ ಬಂದ ಅಟ್ಲಾಂಟಿಕ್ ಸ್ಟ್ರೈಪ್ಡ್ ಬಾಸ್ ಸಂರಕ್ಷಣಾ ಕಾಯ್ದೆ ಇದನ್ನ ಬದಲಾಯಿಸಿತು. ಆಯೋಗದ ಯೋಜನೆಯನ್ನು ಯಾವ ರಾಜ್ಯ ಪಾಲಿಸೋದಿಲ್ಲವೋ, ಆ ರಾಜ್ಯದ ನೀರಿನಲ್ಲಿ ಈ ಮೀನು ಹಿಡಿಯೋದನ್ನೇ ಕೇಂದ್ರ ಸರ್ಕಾರ ಪೂರ್ತಿ ನಿಲ್ಲಿಸಬಹುದು ಅನ್ನೋದು ಅದರ ಮುಖ್ಯ ಅಂಶ. ಅಂದ್ರೆ ಸ್ವಲ್ಪ ಬಿಡೋದಕ್ಕೆ ಒಪ್ಪದವನು ಎಲ್ಲವನ್ನೂ ಕಳಕೊಳ್ಳುವ ಭಯ ಹುಟ್ಟಿತು.

ಮುಂದಿನ ಹೆಜ್ಜೆ ಇನ್ನೂ ಕಠಿಣ. 1985ರ ಜನವರಿ 1ರಿಂದ ಮೇರಿಲ್ಯಾಂಡ್ ರಾಜ್ಯ ಈ ಮೀನು ಹಿಡಿಯೋದನ್ನು ಸಂಪೂರ್ಣ ನಿಷೇಧಿಸಿತು. ಡೆಲವೇರ್ ಕೂಡ ಅದೇ ವರ್ಷ ನಿಷೇಧಕ್ಕೆ ಇಳಿಯಿತು. ವರ್ಜೀನಿಯಾ 1989ರಲ್ಲಿ ಅದೇ ದಾರಿ ಹಿಡಿಯಿತು. ಚೆಸಪೀಕ್‌ನ ಮೀನುಗಾರ ಕುಟುಂಬಗಳಿಗೆ ಇದು ಸಣ್ಣ ಪೆಟ್ಟಲ್ಲ. ಚಳಿಗಾಲದ ಸಂಪಾದನೆಯ ದೊಡ್ಡ ಆಧಾರ ಒಂದೇ ಆದೇಶಕ್ಕೆ ಹೋಯ್ತು. ಸಂರಕ್ಷಣೆಯ ಗೆಲುವಿನ ಕಥೆ ಹೇಳುವಾಗ ಆ ಗೆಲುವಿನ ಬಿಲ್ ಕಟ್ಟಿದ್ದು ಯಾರು ಅನ್ನೋದನ್ನ ಮರೆಯಬಾರದು.

ಒಂದೇ ಒಂದು ತಲೆಮಾರಿನ ಮೇಲೆ ಪಣ

ಆಯೋಗದ ವಿಜ್ಞಾನಿಗಳ ಯೋಜನೆ ಸರಳವಾಗಿತ್ತು. ಇದ್ದುದರಲ್ಲಿ 1982ರಲ್ಲಿ ಹುಟ್ಟಿದ ಮರಿಗಳ ತಲೆಮಾರು ಪರವಾಗಿಲ್ಲ ಅನ್ನುವಂತಿತ್ತು. ಆ ತಲೆಮಾರಿನ ಹೆಣ್ಣು ಮೀನುಗಳಲ್ಲಿ ಶೇ. 95ರಷ್ಟಾದರೂ ಕನಿಷ್ಠ ಒಂದು ಸಲ ಮೊಟ್ಟೆ ಇಡುವವರೆಗೆ ಅವನ್ನು ಮುಟ್ಟಬಾರದು ಅನ್ನೋದು 1985ರ ಗುರಿ. ನಿಷೇಧವಿಲ್ಲದ ರಾಜ್ಯಗಳಲ್ಲಿ, ಆ ಮೀನುಗಳು ಬೆಳೆದಂತೆಲ್ಲ ಹಿಡಿಯಬಹುದಾದ ಕನಿಷ್ಠ ಉದ್ದವನ್ನೂ ಏರಿಸುತ್ತಾ ಹೋದರು.

ನಿಷೇಧ ತೆರವು ಯಾವಾಗ ಅನ್ನೋದಕ್ಕೂ ಮೊದಲೇ ಒಂದು ಅಳತೆಗೋಲು ಇಟ್ಟಿದ್ದರು. ಮೇರಿಲ್ಯಾಂಡ್‌ನವರು 1954ರಿಂದ ಪ್ರತಿ ಬೇಸಿಗೆ ಮರಿ ಮೀನಿನ ಎಣಿಕೆ ಮಾಡ್ತಾ ಬಂದಿದ್ದಾರೆ. ನಾಲ್ಕು ನದಿ ಪ್ರದೇಶಗಳ 22 ಜಾಗದಲ್ಲಿ, 100 ಅಡಿ ಉದ್ದದ ಬಲೆಯನ್ನು ದಡದಿಂದಲೇ ಸುತ್ತಿ ಎಳೀತಾರೆ. ನಮ್ಮ ಕೈರಂಪಣಿಯ ರೀತಿಯೇ ಅನ್ನಿ. ಒಂದು ಎಳೆತಕ್ಕೆ ಆ ವರ್ಷ ಹುಟ್ಟಿದ ಎಷ್ಟು ಮರಿ ಸಿಕ್ಕಿತು ಅನ್ನುವ ಸರಾಸರಿಯೇ ಸೂಚ್ಯಂಕ. ಮೂರು ವರ್ಷದ ಸರಾಸರಿ 8ಕ್ಕೆ ಬಂದರೆ ಹಿಡಿಯೋದಕ್ಕೆ ಸ್ವಲ್ಪ ಅವಕಾಶ ಅಂತ ತೀರ್ಮಾನವಾಗಿತ್ತು. 1989ರಲ್ಲಿ ಸೂಚ್ಯಂಕ ಒಂದೇ ಸಲಕ್ಕೆ 25ಕ್ಕೆ ಏರಿ, ಮೂರು ವರ್ಷದ ಸರಾಸರಿ ಗುರಿ ದಾಟಿತು.

ಮೇರಿಲ್ಯಾಂಡ್ 1990ರಲ್ಲಿ ಬಿಗಿ ಮಿತಿಗಳೊಂದಿಗೆ ಮತ್ತೆ ಬಾಗಿಲು ತೆರೆಯಿತು. ಅದೇ ವರ್ಷ, ದಡದಿಂದ 3 ಮೈಲಿ ಆಚೆಗಿನ ಕೇಂದ್ರದ ನೀರಿನಲ್ಲಿ ಈ ಮೀನು ಹಿಡಿಯೋದನ್ನ ಮುಚ್ಚಲಾಯಿತು. ಅದು ಈಗಲೂ ಮುಚ್ಚಿಯೇ ಇದೆ. 1995ರಲ್ಲಿ ಚೇತರಿಕೆಯ ಘೋಷಣೆ ಬಂತು. 1996ರಲ್ಲಿ ಮರಿ ಸೂಚ್ಯಂಕ 59 ದಾಟಿ ದಾಖಲೆ ಬರೆಯಿತು.

ಈ ನಡುವೆ ಮರಿ ಕೇಂದ್ರಗಳಲ್ಲಿ ಬೆಳೆಸಿದ ಮರಿಗಳನ್ನೂ ನದಿಗೆ ಬಿಟ್ಟಿದ್ದರು. ಚೇತರಿಕೆಗೆ ಮುಖ್ಯ ಕಾರಣ ಮಾತ್ರ ಅದಲ್ಲ. ಕಾಡುಮೀನಿಗೆ ಬದುಕಿ ಮೊಟ್ಟೆ ಇಡುವ ಅವಕಾಶ ಕೊಟ್ಟದ್ದೇ ದೊಡ್ಡ ಕೆಲಸ ಮಾಡಿತು. ಮರಿ ಬಿಡೋದು ಫೋಟೋಗೆ ಚೆನ್ನ, ಹಿಡಿತಕ್ಕೆ ಕಡಿವಾಣ ಹಾಕೋದು ರಾಜಕೀಯವಾಗಿ ಕಷ್ಟ. ಹಾಗಾಗಿ ಸರ್ಕಾರಗಳಿಗೆ ಮೊದಲನೆಯದೇ ಇಷ್ಟ ಅನ್ನೋದು ಬೇರೆ ಮಾತು.

ಹಾಗಾದ್ರೆ ಮತ್ತೆ ಬಿದ್ದದ್ದು ಯಾಕೆ?

ಮೊಟ್ಟೆ ಇಡುವ ಹೆಣ್ಣು ಮೀನುಗಳ ಒಟ್ಟು ತೂಕವನ್ನು ವಿಜ್ಞಾನಿಗಳು ಲೆಕ್ಕ ಹಾಕ್ತಾರೆ. 2000ದ ದಶಕದ ಆರಂಭದಲ್ಲಿ ಅದು ಉತ್ತುಂಗದಲ್ಲಿತ್ತು. ಆಮೇಲೆ ಮೆಲ್ಲಗೆ ಇಳಿಯತೊಡಗಿತು. 2017ರ ಅಂಕಿ ಸುಮಾರು 15.1 ಕೋಟಿ ಪೌಂಡ್. ಅಪಾಯದ ಗೆರೆ ಇದ್ದದ್ದು 20.2 ಕೋಟಿ ಪೌಂಡ್‌ನಲ್ಲಿ. ಇದು ಗೊತ್ತಾದದ್ದು 2019ರ ಮೌಲ್ಯಮಾಪನದಲ್ಲಿ. ಈ ಜಾರುವಿಕೆಗೆ ಮೂರು ಕಾರಣಗಳನ್ನು ಮುಖ್ಯವಾಗಿ ಹೇಳಬಹುದು.

ಮೊದಲನೆಯದು ಗಾಳ. ಮೀನು ವಾಪಸ್ ಬಂದಾಗ ಅದರ ಹಿಂದೆ ಹವ್ಯಾಸಿ ಗಾಳಗಾರರೂ ಲಕ್ಷಗಟ್ಟಲೆ ಬಂದರು. ನಮ್ಮಲ್ಲಿ ಮೀನುಗಾರಿಕೆ ಅಂದ್ರೆ ಬೋಟು, ಬಲೆ. ಅಲ್ಲಿ ಮೋಜಿಗೆ ಹಿಡಿಯುವವರ ಪಾಲೇ ದೊಡ್ಡದು. ಇತ್ತೀಚಿನ ವರ್ಷಗಳಲ್ಲಿ ಮನುಷ್ಯರಿಂದ ಸಾಯುವ ಸ್ಟ್ರೈಪ್ಡ್ ಬಾಸ್‌ಗಳಲ್ಲಿ ಹತ್ತಿರ ಹತ್ತಿರ ಶೇ. 90ರಷ್ಟು ಇವರ ಲೆಕ್ಕಕ್ಕೇ ಹೋಗುತ್ತೆ. ಹಿಡಿದದ್ದರಲ್ಲಿ ಬಹುಪಾಲನ್ನು ಇವರು ನೀರಿಗೆ ವಾಪಸ್ ಬಿಡ್ತಾರೆ ನಿಜ. ಆದ್ರೆ ಬಿಟ್ಟ ಮೀನುಗಳಲ್ಲಿ ಶೇ. 9ರಷ್ಟು ಗಾಯದಿಂದಲೋ ದಣಿವಿನಿಂದಲೋ ಸಾಯ್ತವೆ ಅಂತ ಲೆಕ್ಕ ಹಾಕಲಾಗುತ್ತೆ. ಶೇ. 9 ಸಣ್ಣದು ಅನ್ನಿಸಬಹುದು. ಕೋಟಿಗಟ್ಟಲೆ ಸಲ ಹಿಡಿದು ಬಿಡುವಾಗ ಅದೇ ದೊಡ್ಡ ಸಂಖ್ಯೆಯಾಗುತ್ತೆ. ಬಲೆಗೆ ಕೋಟಾ ಹಾಕೋದು ಸುಲಭ, ಲಕ್ಷಾಂತರ ಜನರ ವಾರಾಂತ್ಯಕ್ಕೆ ಕೋಟಾ ಹಾಕೋದು ಕಷ್ಟ.

ಎರಡನೆಯದು ನೀರು. ಈ ಮೀನಿನ ಮೊಟ್ಟೆ ನದಿಯ ಹರಿವಿನಲ್ಲಿ ಎರಡು ದಿನದಷ್ಟು ತೇಲುತ್ತಲೇ ಇರಬೇಕು, ತಳಕ್ಕೆ ಕೂತರೆ ಉಳಿಯೋದು ಕಷ್ಟ. ಮರಿ ಹೊರಬಂದಾಗ ತಿನ್ನೋದಕ್ಕೆ ಸೂಕ್ಷ್ಮ ಜೀವಿಗಳೂ ಅದೇ ಹೊತ್ತಿಗೆ ಸಿದ್ಧವಿರಬೇಕು. ತಂಪಾದ, ಮಳೆ ಚೆನ್ನಾಗಿ ಬಿದ್ದ ವಸಂತದಲ್ಲಿ ಈ ಎರಡೂ ಕೂಡಿ ಬರುತ್ತವೆ. ಚಳಿಗಾಲ ಬೆಚ್ಚಗಾಗಿ, ನದಿಯ ಹರಿವು ಕಮ್ಮಿಯಾದ ವರ್ಷಗಳಲ್ಲಿ ತಾಳ ತಪ್ಪುತ್ತೆ. ಮೇರಿಲ್ಯಾಂಡ್‌ನ ಮರಿ ಸೂಚ್ಯಂಕದ ದೀರ್ಘಾವಧಿ ಸರಾಸರಿ 11ರ ಆಸುಪಾಸು. 2019ರಿಂದ 2024ರವರೆಗೆ ಒಂದು ವರ್ಷವೂ ಅದು 4 ದಾಟಲಿಲ್ಲ. 2023ರಲ್ಲಂತೂ 1ಕ್ಕೆ ಇಳಿಯಿತು. ಇದರ ಜೊತೆಗೆ ಹೊಲ, ಊರುಗಳಿಂದ ಹರಿದು ಬರುವ ಸಾರಜನಕ, ರಂಜಕದಿಂದ ಕೊಲ್ಲಿಯ ತಳದಲ್ಲಿ ಬೇಸಿಗೆಯಲ್ಲಿ ಆಮ್ಲಜನಕವೇ ಇರೋದಿಲ್ಲ. ಮೇಲೆ ನೀರು ಬಿಸಿ, ಕೆಳಗೆ ಉಸಿರಿಲ್ಲ. ಮೀನು ನಡುವೆ ಸಿಕ್ಕಿಕೊಳ್ಳುತ್ತೆ.

ಮೂರನೆಯದು ಊಟ. ಸ್ಟ್ರೈಪ್ಡ್ ಬಾಸ್‌ನ ಮುಖ್ಯ ಆಹಾರಗಳಲ್ಲಿ ಒಂದು ಮೆನ್‌ಹೇಡನ್ ಅನ್ನುವ ಎಣ್ಣೆ ಮೀನು. ನಮ್ಮ ಬೂತಾಯಿಯ ನೆಂಟ ಅನ್ನಬಹುದು. ಮನುಷ್ಯರು ಇದನ್ನ ತಿನ್ನೋದು ಕಮ್ಮಿ. ದೊಡ್ಡ ಪ್ರಮಾಣದಲ್ಲಿ ಹಿಡಿದು ಮೀನಿನ ಹಿಟ್ಟು, ಎಣ್ಣೆ ಮಾಡ್ತಾರೆ. ಇಷ್ಟು ಮೆನ್‌ಹೇಡನ್ ಹಿಡಿದರೆ ಮೆನ್‌ಹೇಡನ್‌ಗೆ ತೊಂದರೆಯಿಲ್ಲ ಅಂತ ಮಾತ್ರ ಹಿಂದೆ ಲೆಕ್ಕ ಹಾಕ್ತಿದ್ದರು. 2020ರ ಆಗಸ್ಟ್‌ನಲ್ಲಿ ಆಯೋಗ ಆ ಪ್ರಶ್ನೆಯನ್ನೇ ಬದಲಿಸಿತು. ಇಷ್ಟು ಹಿಡಿದರೆ ಅದನ್ನ ತಿಂದು ಬದುಕುವ ಸ್ಟ್ರೈಪ್ಡ್ ಬಾಸ್‌ಗೆ ಸಾಕಷ್ಟು ಉಳಿಯುತ್ತಾ ಅನ್ನುವ ಅಳತೆಯನ್ನು ಜಾರಿಗೆ ತಂದಿತು. ಬೇಟೆಗಾರನನ್ನು ಉಳಿಸಬೇಕಾದ್ರೆ ಬೇಟೆಯನ್ನೂ ಲೆಕ್ಕಕ್ಕೆ ತಗೋಬೇಕು ಅನ್ನುವ ಸರಳ ಮಾತು ನಿಯಮವಾಗೋದಕ್ಕೆ ಇಷ್ಟು ವರ್ಷ ಬೇಕಾಯ್ತು.

ಈಗಿನ ಪ್ರಯತ್ನ: ದೊಡ್ಡ ತಾಯಿಯನ್ನು ಬಿಡಿ

2029ರ ಒಳಗೆ ಸಂತತಿಯನ್ನು ಮತ್ತೆ ಗುರಿಯ ಮಟ್ಟಕ್ಕೆ ತರಬೇಕು ಅನ್ನೋದು ಆಯೋಗದ ಈಗಿನ ಗಡುವು. 2020ರಲ್ಲಿ ಕಡಲಿನ ಗಾಳಗಾರರಿಗೆ ಹೊಸ ನಿಯಮ ಬಂತು. ದಿನಕ್ಕೆ ಒಬ್ಬರಿಗೆ ಒಂದೇ ಮೀನು, ಅದೂ 28ರಿಂದ 35 ಇಂಚಿನ ಒಳಗೆ ಇರಬೇಕು. 28ಕ್ಕಿಂತ ಸಣ್ಣದನ್ನೂ ಬಿಡಬೇಕು, 35ಕ್ಕಿಂತ ದೊಡ್ಡದನ್ನೂ ಬಿಡಬೇಕು.

ದೊಡ್ಡದನ್ನು ಯಾಕೆ ಬಿಡಬೇಕು? 6 ವರ್ಷದ ಹೆಣ್ಣು ಮೀನು ಒಂದು ಸಲಕ್ಕೆ ಸುಮಾರು 5 ಲಕ್ಷ ಮೊಟ್ಟೆ ಇಟ್ಟರೆ, 15 ವರ್ಷದ ತಾಯಿ 30 ಲಕ್ಷ ಇಡಬಲ್ಲದು. ಒಂದು ದೊಡ್ಡ ತಾಯಿ ಆರು ಸಣ್ಣ ತಾಯಂದಿರಿಗೆ ಸಮ. ಅಷ್ಟೇ ಅಲ್ಲ, ನಾಲ್ಕೈದು ವರ್ಷ ವಸಂತ ಸರಿಯಾಗಿ ಬರದಿದ್ದರೂ ಬದುಕಿದ್ದು, ಒಳ್ಳೆಯ ವರ್ಷ ಬಂದಾಗ ಮೊಟ್ಟೆ ಇಡುವ ತಾಕತ್ತು ಇರೋದು ಇಂಥ ಹಳೇ ಮೀನಿಗೆ.

ಆದ್ರೆ ನಿಯಮಕ್ಕೂ ಒಂದು ಪೆಟ್ಟು ಕಾದಿತ್ತು. 2015ರಲ್ಲಿ ಹುಟ್ಟಿದ ಒಳ್ಳೆಯ ತಲೆಮಾರು 2022ರಲ್ಲಿ ಸರಿಯಾಗಿ ಆ 28ರಿಂದ 35 ಇಂಚಿನ ಅಳತೆಯೊಳಗೆ ಬೆಳೆದು ನಿಂತಿತು. ಗಾಳಗಾರರು ಮನೆಗೆ ಒಯ್ದ ಮೀನು ಹಿಂದಿನ ವರ್ಷದ ಹತ್ತಿರ ಹತ್ತಿರ ಎರಡು ಪಟ್ಟಾಯ್ತು. ಯಾರೂ ಕಾನೂನು ಮುರಿದಿರಲಿಲ್ಲ. ಉಳಿಸಬೇಕಾದ ತಲೆಮಾರಿನ ಮೇಲೇ ನಿಯಮದ ಬಾಗಿಲು ತೆರೆದಿತ್ತು ಅಷ್ಟೇ. ಆಯೋಗ 2023ರ ಮೇ ತಿಂಗಳಲ್ಲಿ ತುರ್ತು ಕ್ರಮವಾಗಿ ಗರಿಷ್ಠ ಅಳತೆಯನ್ನು 31 ಇಂಚಿಗೆ ಇಳಿಸಿತು. 2024ರಲ್ಲಿ ಅದನ್ನೇ ಮುಂದುವರಿಸಿತು. 1985ರಲ್ಲಿ 1982ರ ತಲೆಮಾರಿಗೆ ಮಾಡಿದ ಕೆಲಸವನ್ನೇ ಈಗ 2015ರ ತಲೆಮಾರಿಗೆ ಮಾಡಬೇಕಾಗಿ ಬಂದಿದೆ.

ನಮ್ಮ ಕರಾವಳಿಗೆ ಇದರಿಂದ ಏನು?

ಅಮೆರಿಕದ ನಿಯಮಗಳನ್ನು ಹಾಗೇ ತಂದು ಮಲ್ಪೆಯಲ್ಲೋ ಕಾರವಾರದಲ್ಲೋ ಹಾಕೋದಕ್ಕೆ ಆಗಲ್ಲ. ಅಲ್ಲಿ ಗಾಳಕ್ಕೆ ಒಂದೇ ಜಾತಿ ಮೀನು ಗುರಿ. ನಮ್ಮಲ್ಲಿ ಒಂದು ಟ್ರಾಲ್ ಬಲೆಗೆ ಹತ್ತಾರು ಜಾತಿ ಬೀಳುತ್ತೆ, ಮೇಲೆ ಬರುವಷ್ಟರಲ್ಲಿ ಹೆಚ್ಚಿನವು ಸತ್ತಿರುತ್ತವೆ. 'ದೊಡ್ಡದನ್ನು ಬಿಡಿ' ಅನ್ನುವ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. ಜೊತೆಗೆ ಇಲ್ಲಿ ಮೀನು ಮೋಜಲ್ಲ, ಹೊಟ್ಟೆಪಾಡು.

ಹಾಗಂತ ಕಲಿಯೋದಕ್ಕೆ ಏನೂ ಇಲ್ಲ ಅಂತಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಇದೆ. ಎಲ್ಲ ರಾಜ್ಯಗಳಿಗೂ ಒಂದೇ ದಿನಾಂಕ ಅನ್ನೋದು 1984ರ ಕಾಯ್ದೆಯ ಆಶಯಕ್ಕೆ ಹತ್ತಿರದ ವಿಚಾರ. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬುಲ್ ಟ್ರಾಲಿಂಗ್ ಮತ್ತು ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ಕಾಗದದ ಮೇಲೆ ಒಳ್ಳೆಯ ನಿಯಮ. ಆದ್ರೆ ರಾಜ್ಯದ ಹಿಡಿತ 12 ನಾಟಿಕಲ್ ಮೈಲಿವರೆಗೆ, ಅದರಾಚೆ ಕೇಂದ್ರದ್ದು. ಅಂಜಲ್ ಮೀನಿಗೆ ಈ ಗಡಿ ಗೊತ್ತಿಲ್ಲ. ಒಂದು ರಾಜ್ಯ ಮರಿ ಮೀನು ಹಿಡಿಯಬಾರದು ಅಂದ್ರೆ, ಅದು ಪಕ್ಕದ ರಾಜ್ಯದ ಬಂದರಿನಲ್ಲಿ ಇಳಿಯೋದಕ್ಕೆ ಏನೂ ಅಡ್ಡಿಯಿಲ್ಲ ಅಂತಾದ್ರೆ ಮೊದಲು ಬಿಡುವವನೇ ಮತ್ತೆ ಮೂರ್ಖ.

ಊಟದ ಲೆಕ್ಕವೂ ನಮಗೆ ಅನ್ವಯಿಸುತ್ತೆ. ಬೂತಾಯಿಯನ್ನೂ ಮರಿ ಮೀನುಗಳನ್ನೂ ಮೀನಿನ ಹಿಟ್ಟು, ಎಣ್ಣೆ ಮಾಡುವ ಕಾರ್ಖಾನೆಗಳಿಗೆ ಕಳಿಸುವಾಗ ಅದನ್ನ ತಿಂದು ಬದುಕಬೇಕಾದ ಅಂಜಲ್‌ಗೆ ಎಷ್ಟು ಉಳಿಯಿತು ಅನ್ನುವ ಪ್ರಶ್ನೆ ನಮ್ಮ ನಿಯಮಗಳಲ್ಲಿ ಬರಬೇಕು. ಸಮಾಧಾನದ ವಿಷಯ ಅಂದ್ರೆ ಅಂಜಲ್ ಮೊಟ್ಟೆ ಇಡೋದಕ್ಕೆ ಎಂಟು ವರ್ಷ ಕಾಯಿಸೋದಿಲ್ಲ, ಒಂದೆರಡು ವರ್ಷ ಸಾಕು. ಆ ಒಂದೆರಡು ವರ್ಷ ಬದುಕೋದಕ್ಕೆ ಬಿಟ್ಟರೆ ಫಲ ಸಿಗೋದೂ ಬೇಗ.

ಎಲ್ಲಕ್ಕಿಂತ ಮುಖ್ಯವಾಗಿ ಎಣಿಕೆ. ಮೇರಿಲ್ಯಾಂಡ್‌ನವರ ಕೈಯಲ್ಲಿ 1954ರಿಂದ ನಿಲ್ಲದೆ ಬಂದ ಮರಿ ಎಣಿಕೆ ಇತ್ತು. ಹಾಗಾಗಿಯೇ ನಿಷೇಧ ಹಾಕುವಾಗಲೂ ತೆಗೆಯುವಾಗಲೂ ಮೀನುಗಾರರ ಮುಂದೆ ಇಡೋದಕ್ಕೆ ಒಂದು ಸಂಖ್ಯೆ ಇತ್ತು. ಎಷ್ಟಕ್ಕೆ ಬಂದರೆ ಬಾಗಿಲು ತೆರೀತೀವಿ ಅಂತ ಮೊದಲೇ ಹೇಳದೆ ಜನರ ಹೊಟ್ಟೆಪಾಡನ್ನು ನಿಲ್ಲಿಸಿ ಅನ್ನೋದು ನ್ಯಾಯವಲ್ಲ, ಅದು ನಡೆಯೋದೂ ಇಲ್ಲ.

ಹಿಡಿಯೋದನ್ನ ನಿಲ್ಲಿಸಿದ್ರೆ ಬೇಟೆಗಾರ ಮೀನು ವಾಪಸ್ ಬರುತ್ತೆ ಅನ್ನೋದನ್ನ 1990ರ ದಶಕ ತೋರಿಸಿತು. ಬಂದ ಮೇಲೆ ಲೆಕ್ಕ ಇಡೋದನ್ನ ಸಡಿಲ ಬಿಟ್ಟರೆ ಅದು ಮತ್ತೆ ಹೋಗುತ್ತೆ ಅನ್ನೋದನ್ನ ನಂತರದ ಇಪ್ಪತ್ತು ವರ್ಷ ತೋರಿಸಿತು. ಈ ಸಲ ನದಿಗಳೂ ಬೆಚ್ಚಗಾಗಿವೆ. ಹಿಂದಿನಷ್ಟೇ ತ್ಯಾಗ ಮಾಡಿದರೆ ಹಿಂದಿನಷ್ಟೇ ಮೀನು ಬರುತ್ತೆ ಅನ್ನುವ ಭರವಸೆ ಇಲ್ಲ. ಹಾಗಾಗಿ ಕುಸಿದ ಮೇಲೆ ಉಳಿಸೋದಕ್ಕಿಂತ, ಚೆನ್ನಾಗಿದ್ದಾಗಲೇ ಕಮ್ಮಿ ಹಿಡಿಯೋದು ಅಗ್ಗ. ಆ ಮಾತನ್ನು ಮೀನು ತುಂಬಿ ಬರುವ ವರ್ಷದಲ್ಲಿ ಹೇಳೋದಕ್ಕೆ ಧೈರ್ಯ ಬೇಕು.